ಹಿಂಬಾಲಿಸಿ ಬಂದ ಜೀವ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುಮಾರ್ಗವು ಚಿನ್ನದ ಗಣಿಗಳಿಗೋಸ್ಕರವೇ 1894ರಲ್ಲಿ ಹಾಕಲ್ಪಟ್ಟದ್ದು. ಒಂದು ಕಾಲದಲ್ಲಿ ಆ ಗಾಡಿಗಳು ದೂರದ ಊರುಗಳಿಂದ, ಬಹುಮಟ್ಟಿಗೆ ತಮಿಳು ಸೀಮೆಯಿಂದ, ಜನರನ್ನು ತಂದು ಗಣಿಯ ಬಾಯಿಯ ಬಳಿ ಇಳಿಸುತ್ತಿದ್ದುವು. 2001ನೆಯ ಇಸವಿಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಅದೇ ಹಳಿಗಳ ಮೇಲೆ ಆ ಜನರ ಮಕ್ಕಳೂ ಮೊಮ್ಮಕ್ಕಳೂ ಬೆಳಕು ಹರಿಯುವ ಮುನ್ನವೇ ದುಡಿಮೆಗಾಗಿ ಬೆಂಗಳೂರಿಗೆ ಹೊರಟು ಕತ್ತಲಾದ ಮೇಲೆ ಮನೆಗೆ ಮರಳುತ್ತಾರೆ. ಹೀಗೆ ಹೋಗಿಬರುವುದರಲ್ಲಿ ದಣಿದು ಕಡೆಗೆ ಅಲ್ಲಿಯೇ ಬಾಡಿಗೆಯ ಮನೆ ಹಿಡಿದವರೂ ಅನೇಕರು. ಹಾಗೆ ಹೋಗುವಾಗ ಪಾತ್ರೆ ಪಡಗ, ಹಾಸಿಗೆ, ದೇವರ ಪಟ, ವಯಸ್ಸಾದ ತಂದೆತಾಯಿಗಳು, ಎಲ್ಲವೂ ಎಲ್ಲರೂ ಗಾಡಿ ಹತ್ತಬಹುದು. ಮನೆಯ ಮಾಲೀಕನು ಒಪ್ಪದ ಒಂದೇ ಒಂದು ಜೀವ ಹಿಂದೆ ಉಳಿಯುತ್ತದೆ.

ಅಂಥ ಒಂದು ಜೀವವನ್ನು ನಾನು ಕಂಡದ್ದು ಚಾಂಪಿಯನ್ ರೀಫಿನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಗಳ ಒಂದು ಸಾಲಿನಲ್ಲಿ, ಬೀಗ ಹಾಕಿದ ಬಾಗಿಲ ಮುಂದಣ ಮೆಟ್ಟಿಲ ಮೇಲೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲೊಂದೆಂದು ಹೆಸರಾದ ಚಾಂಪಿಯನ್ ರೀಫ್ ಈಗ ನಿಶ್ಶಬ್ದ. ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸಿದಾಗ ನುಣ್ಣನೆಯ ಬೂದುಬಣ್ಣದ ಧೂಳು ಮನೆಗಳ ಮೇಲೆಲ್ಲ ಕೂರುತ್ತದೆ. ಆ ಧೂಳು ಆ ನಾಯಿಯ ಬೆನ್ನಿನ ಮೇಲೂ ಕುಳಿತಿತ್ತು. ಕಂದು ಬಣ್ಣದ ನಾಟಿ ನಾಯಿ, ಹೆಣ್ಣು. ಮೂತಿಯ ಸುತ್ತ ಬಿಳಿಯ ಕೂದಲು. ಸಂತಾನಹರಣ ಚಿಕಿತ್ಸೆಯಾಗಿದೆಯೆಂಬುದಕ್ಕೆ ಗುರುತಾಗಿ ಒಂದು ಕಿವಿಯ ತುದಿಯನ್ನು ಕತ್ತರಿಸಲಾಗಿತ್ತು. ನಾನು ಹತ್ತಿರ ಹೋದಾಗ ಅದು ಬೊಗಳಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ಸ್ವಲ್ಪ ಸರಿದು, ಬಾಗಿಲಿಗೆ ಹೋಗಲು ದಾರಿ ಬಿಟ್ಟು ಕುಳಿತಿತು. ಆ ಮನೆಗೆ ಬಂದ ಯಾರೋ ನೆಂಟನೆಂದು ನನ್ನನ್ನು ಭಾವಿಸಿತೆಂದು ಕಾಣುತ್ತದೆ.

ಪಕ್ಕದ ಮನೆಯ ಹೆಂಗಸು ಹೇಳಿದಳು: “ಎಂಟು ತಿಂಗಳಾಯ್ತು ಸಾರ್ ಅವರು ಹೋಗಿ. ತಾತ ಹೋಗೋ ದಿನ ಅತ್ತುಬಿಟ್ಟರು. ಇದರ ಹೆಸರು ಮಣಿ. ಯಾರನ್ನೂ ಕಚ್ಚೋದಿಲ್ಲ. ಕೊಟ್ಟರೆ ತಿನ್ನುತ್ತೆ, ಕೊಡದೆ ಇದ್ದರೆ ಕೇಳೋದಿಲ್ಲ.”

ಕೊಡದೆ ಇದ್ದರೆ ಕೇಳುವುದಿಲ್ಲ ಎಂಬ ಆ ಮಾತು ಬಂಗಾರಪೇಟೆಗೆ ಮರಳುವವರೆಗೂ, ಮರಳಿದ ಮೇಲೂ ನನ್ನ ಕಿವಿಯಲ್ಲಿಯೇ ಇತ್ತು. ಮಾರನೆಯ ವಾರ ಒಂದು ಆಟೋ ಮಾಡಿಕೊಂಡು ಹೋಗಿ, ಆ ಹೆಂಗಸಿನ ಕೈಯಿಂದಲೇ ಮಣಿಯ ಕೊರಳಿಗೆ ಹಗ್ಗ ಹಾಕಿಸಿ, ಪಶುವೈದ್ಯರಲ್ಲಿ ರೇಬೀಸ್ ಲಸಿಕೆ ಕೊಡಿಸಿ, ಮನೆಗೆ ಕರೆತಂದೆನು. ಹಲ್ಲು ನೋಡಿ ವೈದ್ಯರು ಆರೇಳು ವರ್ಷವಾಗಿರಬಹುದೆಂದರು. ನಾಯಿಯ ಆಯುಸ್ಸಿನಲ್ಲಿ ಅದು ಅರ್ಧ ಕಳೆದ ವಯಸ್ಸು.

ನನ್ನ ತಾಯಿಗೆ ಈಗ ಎಂಬತ್ತನಾಲ್ಕು. ಇಂದಿಗೂ ಮಡಿಯುಟ್ಟು ಅಡುಗೆ ಮಾಡತಕ್ಕವಳು. ನಾಯಿಯನ್ನು ಕಂಡು ಆಕೆ ಮಡಿಯ ಮಾತನ್ನೆತ್ತುವಳೆಂದು ನಾನು ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದೆನು. ಆದರೆ ಆಕೆ ಕೇಳಿದ್ದು ಬೇರೆಯೇ ಪ್ರಶ್ನೆ. “ಅಲ್ಲಪ್ಪ, ಇರುವ ಬಂಧಗಳನ್ನು ಒಂದೊಂದಾಗಿ ಕಳಚಿಕೊಳ್ಳಬೇಕಾದ ವಯಸ್ಸಿನಲ್ಲಿ ಹೊಸದೊಂದನ್ನು ಯಾಕೆ ಕಟ್ಟಿಕೊಳ್ಳುತ್ತೀಯ? ಜಡಭರತನ ಕಥೆ ಮರೆತುಹೋಯಿತೆ?”

ಮಡಿಯ ಪ್ರಶ್ನೆಯಾಗಿದ್ದರೆ ಸುಲಭವಾಗಿರುತ್ತಿತ್ತು. ಶ್ವಾನವು ಅಶುಚಿಯೆಂದು ವಿಧಿಸಿದ ಧರ್ಮಶಾಸ್ತ್ರವೇ ಗೃಹಸ್ಥನು ನಿತ್ಯವೂ ಮಾಡತಕ್ಕ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವನ್ನು ಸೇರಿಸಿ, ತಾನುಣ್ಣುವುದಕ್ಕೆ ಮುನ್ನ ಕಾಗೆಗೂ ಕೀಟಕ್ಕೂ ನಾಯಿಗೂ ನೆಲದ ಮೇಲೆ ಅನ್ನವಿಡಬೇಕೆಂದು ವಿಧಿಸಿದೆ. ಛಾಂದೋಗ್ಯದಲ್ಲಿ ನಾಯಿಗಳು ಕೂಡಿ ಅನ್ನಕ್ಕಾಗಿ ಸಾಮಗಾನ ಮಾಡುವ ಪ್ರಕರಣವಿದೆ. ಭೈರವನ ವಾಹನ ನಾಯಿ. ದತ್ತಾತ್ರೇಯನ ಕಾಲ ಬಳಿಯ ನಾಲ್ಕು ನಾಯಿಗಳು ನಾಲ್ಕು ವೇದಗಳೆಂಬ ನಂಬಿಕೆ. ವಿದ್ಯಾವಿನಯಸಂಪನ್ನನಾದ ಬ್ರಾಹ್ಮಣನಲ್ಲಿಯೂ ನಾಯಿಯಲ್ಲಿಯೂ ಪಂಡಿತನು ಸಮವನ್ನು ಕಾಣುವನೆಂದು ಗೀತಾಚಾರ್ಯನ ಮಾತು. ಇಷ್ಟೆಲ್ಲ ಇರುವಲ್ಲಿ ಮಡಿಯ ಆಕ್ಷೇಪಕ್ಕೆ ಹೊಸ್ತಿಲಿನಾಚೆ ಒಂದು ಗೋಣಿತಟ್ಟು ಹಾಸಿದರೆ ಸಮಾಧಾನ ದೊರಕುತ್ತದೆ. ಬಂಧದ ಆಕ್ಷೇಪಕ್ಕೆ ಸಮಾಧಾನ ಅಷ್ಟು ಸುಲಭವಲ್ಲ.

ಜಡಭರತನ ಕಥೆಯನ್ನು ಭಾಗವತವು ಐದನೆಯ ಸ್ಕಂಧದಲ್ಲಿ ಹೇಳುತ್ತದೆ. ಯಾವನ ಹೆಸರಿನಿಂದ ಈ ಭೂಮಿಯು ಭಾರತವರ್ಷವೆನಿಸಿತೋ ಆ ಭರತನು ರಾಜ್ಯವನ್ನೂ ಹೆಂಡಿರು ಮಕ್ಕಳನ್ನೂ ಬಿಟ್ಟು ಗಂಡಕೀ ತೀರದ ಪುಲಹಾಶ್ರಮದಲ್ಲಿ ತಪಸ್ಸಿಗೆ ನಿಂತಿರುವಾಗ, ತುಂಬಿದ ಬಸುರಿನ ಜಿಂಕೆಯೊಂದು ನೀರು ಕುಡಿಯಲು ಬಂದು, ಸಿಂಹದ ಗರ್ಜನೆಗೆ ಬೆದರಿ ಹೊಳೆಯನ್ನು ಹಾರಿತು, ಹಾರುವ ರಭಸದಲ್ಲಿ ಮರಿಯು ಜಾರಿ ನೀರಿಗೆ ಬಿದ್ದಿತು, ತಾಯಿ ಸತ್ತಿತು. ಭರತನು ಆ ಮರಿಯನ್ನು ಎತ್ತಿ ತಂದು ಸಾಕಿದನು. ಹುಲ್ಲು ತರುವುದು, ತೋಳಗಳಿಂದ ಕಾಯುವುದು, ಮೈ ತುರಿಸುವುದು, ಎತ್ತಿಕೊಂಡು ಮುದ್ದಿಸುವುದು, ಇವುಗಳ ನಡುವೆ ಆತನ ನಿಯಮಗಳು ಒಂದೊಂದಾಗಿ ಜಾರಿದುವು. ರಾಜ್ಯವನ್ನೇ ತೃಣದಂತೆ ಬಿಟ್ಟವನು ಜಿಂಕೆಯನ್ನು ಬಿಡಲಾರದೆ, ಅದನ್ನೇ ನೋಡುತ್ತ ಪ್ರಾಣ ನೀಗಿ, ಮುಂದಿನ ಜನ್ಮದಲ್ಲಿ ಜಿಂಕೆಯಾಗಿಯೇ ಹುಟ್ಟಿದನು. ಹರಿಕಥೆಗಳಲ್ಲಿ ಈ ಭಾಗವನ್ನು ಕೇಳುತ್ತ ನನ್ನ ತಾಯಿ ಅಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಆಕೆಯ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಮಗನ ಗತಿಯೇನಾದೀತೆಂಬ ತಾಯಿಯ ಕಳವಳ.

ಇದಕ್ಕೆ ಎದುರಾಗಿ ನಮ್ಮ ಪರಂಪರೆಯಲ್ಲಿ ಇನ್ನೊಂದು ಕಥೆಯಿದೆ. ಕನ್ನಡದಲ್ಲಿ ಭಾರತವನ್ನು ಗಮಕದ ಮೂಲಕ ಕೇಳಿ ಬೆಳೆದವರಿಗೆ ಅದು ಅಷ್ಟಾಗಿ ಪರಿಚಿತವಾಗದೆ ಉಳಿದಿರಲು ಕಾರಣವುಂಟು: ಕುಮಾರವ್ಯಾಸನು ಹತ್ತು ಪರ್ವಗಳನ್ನು ಮಾತ್ರ ಹಾಡಿ ನಿಲ್ಲಿಸಿದನು, ಮಹಾಪ್ರಸ್ಥಾನವು ಹದಿನೇಳನೆಯದು. ಅಲ್ಲಿ ಪಾಂಡವರು ನಾರುಮಡಿಯುಟ್ಟು ಹಸ್ತಿನಾವತಿಯಿಂದ ಹೊರಡುತ್ತಾರೆ; ಐವರು ಅಣ್ಣತಮ್ಮಂದಿರು, ಆರನೆಯವಳು ದ್ರೌಪದಿ, ಏಳನೆಯದು ಒಂದು ನಾಯಿ. ಅದು ಯಾರ ನಾಯಿ, ಎಲ್ಲಿಂದ ಬಂದಿತು ಎಂಬುದನ್ನು ವ್ಯಾಸರು ಹೇಳುವುದಿಲ್ಲ. ಅದಕ್ಕೆ ಹೆಸರೂ ಇಲ್ಲ. ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಭೀಮ, ಹೀಗೆ ಒಬ್ಬೊಬ್ಬರಾಗಿ ಬಿದ್ದರು, ಧರ್ಮರಾಯನು ಹಿಂದಿರುಗಿ ನೋಡದೆ ನಡೆದನು, ನಾಯಿ ಹಿಂದೆ ಬರುತ್ತಲೇ ಇತ್ತು. ಇಂದ್ರನು ರಥವನ್ನು ತಂದು ಏರೆಂದಾಗ, ನಾಯಿಯೂ ಬರಲೆಂದು ಧರ್ಮರಾಯನು ಕೇಳುತ್ತಾನೆ. ನಾಯಿಯಿರುವವರಿಗೆ ಸ್ವರ್ಗದಲ್ಲಿ ಸ್ಥಾನವಿಲ್ಲ, ಅವರ ಪುಣ್ಯವೆಲ್ಲ ಹರಣವಾಗುತ್ತದೆ ಎನ್ನುತ್ತಾನೆ ಇಂದ್ರ; ತಮ್ಮಂದಿರನ್ನೂ ಪತ್ನಿಯನ್ನೂ ಬಿಟ್ಟುಬಂದವನಿಗೆ ನಾಯಿಯನ್ನು ಬಿಡುವುದೇಕೆ ಕಷ್ಟವೆಂದೂ ಕೇಳುತ್ತಾನೆ. ಧರ್ಮರಾಯನ ಉತ್ತರ ಸ್ಪಷ್ಟವಾಗಿದೆ: ಅವರು ಸತ್ತಿದ್ದರು, ಬದುಕಿಸುವ ಶಕ್ತಿ ನನಗಿರಲಿಲ್ಲ, ಬದುಕಿರುವಾಗ ನಾನು ಯಾರನ್ನೂ ಬಿಡಲಿಲ್ಲ. ಶರಣು ಬಂದವನನ್ನು ಒಪ್ಪಿಸಿಬಿಡುವುದು, ಸ್ತ್ರೀಹತ್ಯೆ, ಬ್ರಾಹ್ಮಣನ ಧನಾಪಹಾರ, ಮಿತ್ರದ್ರೋಹ, ಈ ನಾಲ್ಕು ಸೇರಿದರೆ ಎಷ್ಟು ಪಾಪವೋ ಭಕ್ತನನ್ನು ತ್ಯಜಿಸುವುದು ಅಷ್ಟು ಪಾಪ. ಆ ಸ್ಥಳದಲ್ಲಿ ನಾಯಿಗೆ ಸಲ್ಲುವ ಶಬ್ದ ಭಕ್ತ ಎಂಬುದೇ.

ಹೀಗೆ ಒಂದು ಕಡೆ ಪ್ರಾಣಿಯನ್ನು ಬಿಡಲಾರದೆ ಗತಿಗೆಟ್ಟ ರಾಜ. ಇನ್ನೊಂದು ಕಡೆ ಪ್ರಾಣಿಯನ್ನು ಬಿಡಲೊಲ್ಲದೆ ಸದ್ಗತಿಯನ್ನು ಪಡೆದ ರಾಜ. ಇಬ್ಬರೂ ರಾಜ್ಯವನ್ನು ತ್ಯಜಿಸಿದವರು. ಇಬ್ಬರೂ ಒಂದು ಮೂಕಪ್ರಾಣಿಯ ಮುಂದೆ ಪರೀಕ್ಷೆಗೊಳಗಾದವರು. ಬಿಡಲಾರದಿರುವುದಕ್ಕೂ ಬಿಡಲೊಲ್ಲದಿರುವುದಕ್ಕೂ ಏನು ಭೇದ?

ಹಲವು ದಿನ ಇದನ್ನೇ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು. ಭರತನ ಕರುಣೆ ತಪ್ಪಲ್ಲ. ಹೊಳೆಯಲ್ಲಿ ಮುಳುಗುತ್ತಿರುವ ಮರಿಯನ್ನು ನೋಡುತ್ತ ಜಪ ಮಾಡತಕ್ಕವನನ್ನು ಯಾವ ಶಾಸ್ತ್ರವೂ ತಪಸ್ವಿಯೆನ್ನಲಾರದು. ಆದರೆ ಆ ಮರಿಗೆ ಕಣ್ಣು ತೆರೆದಾಗ ಕಂಡ ಮೊದಲ ಮುಖ ಆತನದು. ಅದಕ್ಕೆ ಆತನ ಹೊರತು ಬೇರೆ ಗತವಿಲ್ಲ, ಬೇರೆ ನೆನಪಿಲ್ಲ. ಕರುಣೆಯಿಂದ ಮೊದಲಾದದ್ದು ಮೆಲ್ಲಮೆಲ್ಲನೆ ಮಮಕಾರವಾಗಿ, ಇದು ನನ್ನದು, ನಾನಿಲ್ಲದೆ ಇದಿಲ್ಲ ಎಂಬ ಭಾವವಾಗಿ ಬೇರೂರಿತು. ಧರ್ಮರಾಯನ ನಾಯಿಯಲ್ಲಾದರೋ ಮಮಕಾರಕ್ಕೆ ಎಡೆಯೇ ಇರಲಿಲ್ಲ. ಅದನ್ನು ಆತನು ಸಾಕಿರಲಿಲ್ಲ, ಮುದ್ದಿಸಿರಲಿಲ್ಲ, ಹೆಸರಿಟ್ಟಿರಲಿಲ್ಲ. ಅದು ಹಿಂಬಾಲಿಸಿ ಬಂದಿತ್ತು, ಅಷ್ಟೆ. ಆತನು ಅದಕ್ಕೆ ಸಲ್ಲಿಸಿದ್ದು ಸ್ನೇಹವನ್ನೂ ಅಲ್ಲ, ಆನೃಶಂಸ್ಯವನ್ನು. ಎಂದರೆ ಕ್ರೂರನಾಗದಿರುವ ವ್ರತವನ್ನು. ಸರೋವರದ ತೀರದಲ್ಲಿ ಯಕ್ಷನು ಕೇಳಿದಾಗ ಆನೃಶಂಸ್ಯವೇ ಪರಮಧರ್ಮವೆಂದು ಹೇಳಿ, ಭೀಮಾರ್ಜುನರನ್ನು ಬಿಟ್ಟು ಮಾದ್ರಿಯ ಮಗನಾದ ನಕುಲನು ಬದುಕಲೆಂದು ಬೇಡಿದವನೂ ಆತನೇ. ಆ ಯಕ್ಷನೂ ಈ ನಾಯಿಯೂ ಒಬ್ಬನೇ ಧರ್ಮದೇವತೆಯ ಎರಡು ವೇಷಗಳೆಂದು ಭಾರತವೇ ಹೇಳುತ್ತದೆ. ಅಲ್ಲಿಯೂ ನನ್ನವನೆಂಬುದನ್ನು ದಾಟಿದ ನ್ಯಾಯ, ಇಲ್ಲಿಯೂ ಅದೇ.

ಈ ಬೆಳಕಿನಲ್ಲಿ ನೋಡಿದರೆ, ಪ್ರಾಯ ಕಳೆದ ಅನಾಥ ನಾಯಿಯನ್ನು ಮನೆಗೆ ತರುವುದು ಮರಿಯನ್ನು ತಂದು ಸಾಕುವುದಕ್ಕಿಂತ ಬೇರೆಯಾದ ಒಂದು ಸಾಧನೆ. ಮರಿಯು ನಮ್ಮ ಕೈಯ ಮಣ್ಣು, ತಿದ್ದಿದಂತೆ ತಿದ್ದಿಕೊಳ್ಳುತ್ತದೆ, ಅದರ ಪ್ರೀತಿಯಲ್ಲಿ ನಾವು ನಮ್ಮ ಕೃತಿಯನ್ನೇ ಕಂಡು ಹಿಗ್ಗುತ್ತೇವೆ. ಬೆಳೆದ ನಾಯಿಯು ತನ್ನ ಚರಿತ್ರೆಯೊಡನೆ ಬರುತ್ತದೆ. ಮಣಿ ಗೇಟಿನ ಕಡೆಗೆ ಮುಖ ಮಾಡಿಯೇ ಮಲಗುತ್ತಿತ್ತು. ತಟ್ಟೆಯಿಟ್ಟರೆ ನಾವು ಬೆನ್ನು ತಿರುಗಿಸುವವರೆಗೂ ಮುಟ್ಟುತ್ತಿರಲಿಲ್ಲ. ಪೊರಕೆಯನ್ನು ಕೈಗೆತ್ತಿಕೊಂಡರೆ ಮೈ ಕುಗ್ಗಿಸುತ್ತಿತ್ತು. ಪೊರಕೆಯಿಂದ ಯಾರು ಹೊಡೆದಿದ್ದರೋ. ಬೆಳಗಿನ ಜಾವ ರೈಲಿನ ಕೂಗು ಕೇಳಿದೊಡನೆ ಎದ್ದು ನಿಂತು, ಕತ್ತರಿಸಿದ ಕಿವಿಯನ್ನು ನಿಮಿರಿಸಿ, ಸದ್ದು ಅಡಗುವವರೆಗೂ ಹಾಗೆಯೇ ನಿಲ್ಲುತ್ತಿತ್ತು. ಆ ಕೂಗಿಗೂ ಅದರ ಹಿಂದಿನ ಬಾಳಿಗೂ ಇದ್ದ ಸಂಬಂಧ ನನಗೆ ಎಂದಿಗೂ ತಿಳಿಯದು. ತಿಳಿಯದ ಆ ಭಾಗವನ್ನು ತಿಳಿಯದೆಯೇ ಗೌರವಿಸಬೇಕು. ವಿಭೀಷಣನು ಸಮುದ್ರ ದಾಟಿ ಬಂದಾಗ ಸುಗ್ರೀವನು ಕೇಳಿದ್ದೂ ಇದನ್ನೇ: ಬೇರೆ ಮನೆಯಲ್ಲಿ ಬೆಳೆದು ಬಲಿತವನನ್ನು ನಂಬುವುದು ಹೇಗೆ? ಶರಣೆಂದು ಬಂದ ಯಾವ ಭೂತಕ್ಕಾದರೂ ಅಭಯವೀಯುವುದು ತನ್ನ ವ್ರತವೆಂದು ರಾಮನು ಹೇಳಿದಾಗ, ಬಂದವನ ಹಿಂದಿನದನ್ನು ಶೋಧಿಸುವುದು ಆ ವ್ರತದಲ್ಲಿ ಸೇರಿರಲಿಲ್ಲ. ದೇವರ ಮುಂದೆ ನಿಂತಾಗ ನಾವೆಲ್ಲರೂ ಹಾಗೆ ಬಲಿತು ಬಂದವರೇ ಅಲ್ಲವೆ? ಮರಿಗಳಾಗಿ ಹೋದವರು ಯಾರು?

ಅದರ ಕರ್ಮ, ಅದು ಅನುಭವಿಸುತ್ತದೆ ಎಂದು ಒಬ್ಬ ಸ್ನೇಹಿತರು ನನಗೆ ಹೇಳಿದರು. ಕರ್ಮಸಿದ್ಧಾಂತವು ನನ್ನ ದುಃಖವನ್ನು ನಾನು ತಾಳಿಕೊಳ್ಳುವುದಕ್ಕೆ ಕೊಟ್ಟ ಊರುಗೋಲು. ಇನ್ನೊಬ್ಬರ ದುಃಖವನ್ನು ಕಂಡು ಬಾಗಿಲು ಮುಚ್ಚಿಕೊಳ್ಳುವುದಕ್ಕೆ ಕೊಟ್ಟ ಅಗುಳಿಯಲ್ಲ. ಕರ್ಮವನ್ನು ಅತ್ಯಂತ ಕಟ್ಟುನಿಟ್ಟಾಗಿ ನಂಬಿದ ಜೈನರೇ ಇದಕ್ಕೆ ಸಾಕ್ಷಿ. ಭಾಸ್ಕರ ಕವಿಯು ಕನ್ನಡಿಸಿದ ಜೀವಂಧರನ ಚರಿತೆಯಲ್ಲಿ, ಅನ್ನವನ್ನು ಮುಟ್ಟಿತೆಂದು ಹೊಡೆಸಿಕೊಂಡು ಸಾಯುತ್ತಿದ್ದ ನಾಯಿಯ ಬಳಿ ರಾಜಕುಮಾರನು ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ನಾಯಿ ಯಕ್ಷನಾಗಿ ಹುಟ್ಟುತ್ತದೆ.

ನಾಯಿಯ ಋಣವನ್ನು ಕನ್ನಡಿಗರು ಕಲ್ಲಿನಲ್ಲಿಯೂ ಬರೆದಿಟ್ಟಿದ್ದಾರೆ. ಕುವಳಾಲಪುರವರೇಶ್ವರರೆಂದು, ಎಂದರೆ ನಮ್ಮ ಈ ಕೋಲಾರದ ಒಡೆಯರೆಂದು, ಬಿರುದು ಹೊತ್ತ ಗಂಗರ ಕಾಲದ ಮಾತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಪರಾಕ್ರಮವನ್ನು ಮೆರೆದ ಮಣಲೇರನೆಂಬ ವೀರನು, ಬೇಕಾದುದನ್ನು ಕೇಳೆಂದಾಗ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಒಂದು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಸುಮಾರು ಕ್ರಿ.ಶ. 949-50ರಲ್ಲಿ ಮಂಡ್ಯ ಸೀಮೆಯ ಆತಕೂರಿನ ಶಿವಾಲಯದ ಮುಂದೆ ಅದಕ್ಕೆ ಕಲ್ಲು ನೆಟ್ಟು, ಪೂಜೆಗೆಂದು ಭೂಮಿಯನ್ನು ಬಿಟ್ಟರು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಆ ಕಲ್ಲು ಇಂದಿಗೂ ಇದೆ. ನಾಯಿಯೂ ಹಂದಿಯೂ ಒಂದನ್ನೊಂದು ಹಿಡಿದಿರುವ ಕೆತ್ತನೆಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಧನವನ್ನೋ ಊರನ್ನೋ ಕೇಳಬಹುದಾಗಿದ್ದ ಹೊತ್ತಿನಲ್ಲಿ ನಾಯಿಯನ್ನು ಕೇಳಿದ ಆ ವೀರನು ನನಗೆ ಅತ್ಯಂತ ಪ್ರಿಯನಾದವನು. ಆದರೂ ಅಲ್ಲಿ ನಿಂತಾಗಲೆಲ್ಲ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ: ಶೌರ್ಯಕ್ಕೆ ಕಲ್ಲು ನೆಟ್ಟರು; ಸೌಮ್ಯತೆಗೆ ನೆಟ್ಟವರಿಲ್ಲ. ಎಂಟು ತಿಂಗಳು ಬೀಗದ ಮುಂದೆ ಕುಳಿತು, ಯಾರನ್ನೂ ಕಚ್ಚದೆ, ಯಾರನ್ನೂ ಕೇಳದೆ ಇದ್ದುದೂ ಒಂದು ಹೋರಾಟವೇ, ಅದಕ್ಕೆ ಶಾಸನವಿಲ್ಲ.

ಬೀದಿನಾಯಿಗಳಿಂದ ಜನಕ್ಕಾಗುವ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಕಚ್ಚಿಸಿಕೊಂಡ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ತಾಯಿಗೆ ಉಪನಿಷತ್ತನ್ನು ಹೇಳಬಾರದು. ರೇಬೀಸ್ ತಲೆದೋರಿದ ಮೇಲೆ ಬದುಕುಳಿಯುವುದು ಅತಿ ವಿರಳ. ಆದುದರಿಂದಲೇ ಬೀದಿಯಲ್ಲಿ ಬಿಸ್ಕತ್ತು ಎಸೆದು ಮನೆಗೆ ಹೋಗುವುದಕ್ಕಿಂತ, ಲಸಿಕೆ ಹಾಕಿಸಿ ಮನೆಯೊಳಕ್ಕೆ ಕರೆದುಕೊಳ್ಳುವ ಕರುಣೆಯು ಪೂರ್ಣವಾದದ್ದೆನ್ನುತ್ತೇನೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟುಹೋಗುವುದನ್ನು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಅಪರಾಧವೆಂದೇ ಎಣಿಸುತ್ತದೆ. ಆದರೆ ಮಣಿಯನ್ನು ಬಿಟ್ಟುಹೋದ ಆ ವೃದ್ಧನನ್ನು ಅಪರಾಧಿಯೆನ್ನಲು ನನ್ನ ನಾಲಗೆ ಏಳದು. ಏಕೆಂದರೆ ಆತನನ್ನು ನಾನು ಕಂಡಿದ್ದೇನೆ.

ಮಣಿ ಬಂದು ಐದು ತಿಂಗಳಾದ ಮೇಲೆ ಒಂದು ಭಾನುವಾರ, ಪಕ್ಕದ ಮನೆಯವಳಿಂದ ನಮ್ಮ ವಿಳಾಸ ಪಡೆದು, ಆತನು ರೈಲಿನಲ್ಲಿ ಬಂದನು. ಗೇಟಿನಲ್ಲಿ ನಿಂತು ಮೆಲ್ಲನೆ “ಮಣೀ” ಎಂದನು. ಆ ಐದು ತಿಂಗಳಲ್ಲಿ ಒಮ್ಮೆಯೂ ನಾನು ಕೇಳಿರದಿದ್ದ ಒಂದು ಸ್ವರವು ನಾಯಿಯ ಗಂಟಲಿನಿಂದ ಹೊರಟಿತು. ಓಡಿಹೋಗಿ ಆತನ ಮೊಣಕಾಲಿಗೆ ತಲೆಯೊತ್ತಿ ನಿಂತಿತು. ಮೂವತ್ತು ವರ್ಷ ಭೂಮಿಯೊಳಗೆ ಕಲ್ಲು ಸಿಡಿಸಿದ ಆ ಕೈ, ಎರಡು ಬೆರಳುಗಳು ಮೊಟಕಾಗಿದ್ದ ಕೈ, ಅದರ ತಲೆಯ ಮೇಲಿತ್ತು. ನನ್ನ ಎದೆಯಲ್ಲಿ ಆಗ ಏನೋ ಹಿಂಡಿದಂತಾಯಿತು. ಅದು ಅಸೂಯೆಯೆಂದು ತಿಳಿಯುವುದಕ್ಕೆ ಒಂದು ನಿಮಿಷ ಹಿಡಿಯಿತು. ತಿಳಿದಾಗ ಜಡಭರತನ ಜಿಂಕೆಯು ನನ್ನ ಅಂಗಳಕ್ಕೂ ಬಂದು ನಿಂತಿರುವುದನ್ನು ಕಂಡೆನು. ಭರತನಿಗೆ ದೊರೆಯದ ಒಂದು ಉಪಕಾರ ನನಗೆ ದೊರೆತಿತ್ತು: ಇದು ನಿನ್ನೊಬ್ಬನದಲ್ಲವೆಂದು ಹೇಳಬಲ್ಲ ಇನ್ನೊಬ್ಬ ಮನುಷ್ಯನು ಎದುರಿಗೆ ನಿಂತಿದ್ದನು.

ತಾಯಿ ಆತನಿಗೆ ಕಾಫಿ ಕೊಟ್ಟಳು, ಊಟಕ್ಕೆ ನಿಲ್ಲಿಸಿಕೊಂಡಳು. ಹೊರಡುವಾಗ ಆತನು ನಾಯಿಗೆ, “ಇಲ್ಲೇ ಇರು ತಾಯಿ, ಇವರು ಒಳ್ಳೆಯವರು” ಎಂದು ತನ್ನ ತಮಿಳುಗನ್ನಡದಲ್ಲಿ ಹೇಳಿದನು. ಮಣಿ ಗೇಟಿನವರೆಗೆ ಹೋಯಿತು. ಆತನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿತು. ಆಮೇಲೆ ತಾನಾಗಿಯೇ ಮರಳಿ ಬಂದು ಹೊಸ್ತಿಲಿನಾಚೆಯ ಗೋಣಿತಟ್ಟಿನ ಮೇಲೆ, ಮೊದಲ ಸಲ, ಮನೆಯ ಕಡೆಗೆ ಮುಖ ಮಾಡಿ ಮಲಗಿತು. ಅಂದಿನಿಂದ ಆತನು ತಿಂಗಳಿಗೊಮ್ಮೆ ಬರುತ್ತಾನೆ.

ನನ್ನ ತಾಯಿ ಜಡಭರತನ ಮಾತನ್ನು ಮತ್ತೆ ಎತ್ತಿಲ್ಲ. ಮಡಿಯಲ್ಲಿಯೇ ಇದ್ದು, ತಾನು ಎಲೆಯ ಮುಂದೆ ಕೂರುವುದಕ್ಕೆ ಮುನ್ನ, ಒಂದು ಹಿಡಿ ಮೊಸರನ್ನವನ್ನು ಹೊಸ್ತಿಲಿನಾಚೆ ಇಟ್ಟು ಬರುತ್ತಾಳೆ.

ಚಾಂಪಿಯನ್ ರೀಫಿನ ಆ ಸಾಲಿನಲ್ಲಿ, ಊರಿಗಾಂ ಮಾರಿಕುಪ್ಪಂಗಳ ಲೈನುಗಳಲ್ಲಿ, ಬಂಗಾರಪೇಟೆಯ ಸ್ಟೇಷನ್ನಿನ ಆಸುಪಾಸಿನಲ್ಲಿ ಇಂಥ ಜೀವಗಳು ಇನ್ನೂ ಇವೆ; ಬಲಿತವು, ಸೌಮ್ಯವಾದವು, ಒಮ್ಮೆ ಮನೆಯನ್ನು ಕಂಡವು. ಹಣ ಕೊಟ್ಟು ಜಾತಿನಾಯಿಯ ಮರಿಯನ್ನು ತರಲು ಬೆಂಗಳೂರಿಗೆ ಗಾಡಿ ಹತ್ತಬೇಕೆಂದಿರುವ ನಮ್ಮ ಕಡೆಯ ಓದುಗರು, ಅದಕ್ಕೆ ಮೊದಲು ಒಂದು ಸಂಜೆ ಆ ಲೈನುಗಳ ಕಡೆಗೆ ನಡೆದುಹೋಗಿ, ಬೀಗ ಹಾಕಿದ ಬಾಗಿಲುಗಳ ಮುಂದೆ ಯಾರು ಕುಳಿತಿದ್ದಾರೆಂದು ನೋಡಿ ಬರಬೇಕೆಂದು ಬೇಡುತ್ತೇನೆ.